ಮನೆಯ ಭೂಗೋಳಪಾಠ ಮತ್ತು ಅಟ್ಲಾಸ್: ಒಂದು ವಿವೇಚನೆ

ಕಾವ್ಯ, ಕಾದಂಬರಿ, ನಾಟಕಗಳಿಗೆ ಸಲ್ಲುವ ವಿಮರ್ಶೆ ಮಕ್ಕಳ ಅಟ್ಲಾಸಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಬೆಲೆಯನ್ನೂ ಬಣ್ಣವನ್ನೂ ನೋಡಿ ಕೊಳ್ಳತಕ್ಕ ಶಾಲಾಸಾಮಗ್ರಿ ಅದು ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಅಟ್ಲಾಸೂ ಒಂದು ಗ್ರಂಥವೇ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಹಿಗ್ಗಿಸಬೇಕು ಎಂಬ ನಿರ್ಧಾರಗಳು ಅದರ ಪ್ರತಿಯೊಂದು ಪುಟದಲ್ಲಿಯೂ ಅಡಗಿವೆ. ಏಳೆಂಟು ವರ್ಷದ ಮಗು ಆ ನಿರ್ಧಾರಗಳನ್ನು ಪ್ರಶ್ನಿಸಲಾರದು. ಪುಟದಲ್ಲಿ ಕಂಡುದೇ ಅದಕ್ಕೆ ಲೋಕ. ಹಾಗಿರಲು ಮಗುವಿನ ಪರವಾಗಿ ಪರೀಕ್ಷಿಸುವ ಹೊಣೆ ಹಿರಿಯರದಾಗುತ್ತದೆ.

ಇಂತಹ ಪರೀಕ್ಷೆಗೆ ಒಂದು ಮಾನದಂಡವನ್ನು ಫ್ರೆಂಚ್ ಚಿಂತಕ ರೂಸೋ 1762ರಲ್ಲಿ ಪ್ರಕಟವಾದ ತನ್ನ ‘ಎಮಿಲ್’ ಗ್ರಂಥದಲ್ಲಿ ಸೂಚಿಸಿದ್ದಾನೆ. ಮಗುವಿನ ಭೂಗೋಳಪಾಠ ಅದು ವಾಸಿಸುವ ಪಟ್ಟಣದಿಂದಲೂ ತಂದೆಯ ಹಳ್ಳಿಮನೆಯಿಂದಲೂ ಆರಂಭವಾಗಬೇಕು. ಬಳಿಕ ಆ ಎರಡರ ನಡುವಣ ಸ್ಥಳಗಳು, ಆಮೇಲೆ ಸಮೀಪದ ನದಿಗಳು ಎಂಬುದು ಅವನ ಮತ. ಮುಂಬಯಿಯ ಕನ್ನಡ ಕುಟುಂಬಗಳಿಗೆ ಈ ಮಾತು ಆಶ್ಚರ್ಯಕರವಾಗಿ ಒಪ್ಪುತ್ತದೆ. ಮಾಟುಂಗಾದಲ್ಲಿಯೋ ಡೊಂಬಿವಲಿಯಲ್ಲಿಯೋ ಬೆಳೆಯುವ ಮಗುವಿಗೆ ಮುಂಬಯಿ ಎಂದರೆ ಲೋಕಲ್ ರೈಲಿನ ನಿಲ್ದಾಣಗಳ ಸಾಲು. ‘ಊರು’ ಎಂದರೆ ಬೇಸಗೆಯ ರಜೆ ಮತ್ತು ಅಜ್ಜಿಯ ಮಾತು. ಇವೆರಡೂ ಒಂದೇ ನೆಲದ ಮೇಲಿವೆ ಎಂಬ ಅರಿವು ತಾನಾಗಿ ಮೂಡುವುದಿಲ್ಲ. ಅದನ್ನು ಮೂಡಿಸುವುದೇ ಮನೆಯ ಅಟ್ಲಾಸಿನ ಮೊದಲ ಕರ್ತವ್ಯ.

ಪೇಟೆಯಲ್ಲಿ ದೊರೆಯುವ ಅಗ್ಗದ ಅಟ್ಲಾಸುಗಳಲ್ಲಿ ಹಲವು ಈ ಕರ್ತವ್ಯದಲ್ಲಿ ಸೋಲುತ್ತವೆ. ಅವುಗಳಲ್ಲಿ ರಾಜ್ಯಕ್ಕೊಂದು ಪುಟ. ಮಹಾರಾಷ್ಟ್ರದ ಪುಟದಲ್ಲಿ ಗಡಿಯಾಚೆಯ ಭೂಮಿ ಬರಿಯ ಬಿಳುಪು. ಕರ್ನಾಟಕದ ಪುಟದಲ್ಲಿ ಗಡಿಯ ಬಡಗಣ ಭಾಗ ಬರಿಯ ಬಿಳುಪು. ಮಹಾಬಳೇಶ್ವರದ ಬಳಿ ಹುಟ್ಟಿ ಸಾತಾರಾ, ಸಾಂಗ್ಲಿಗಳನ್ನು ಹಾದು ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸುವ ಕೃಷ್ಣೆ ಇಂತಹ ಪುಟದಲ್ಲಿ ಗಡಿಯಲ್ಲಿ ಸತ್ತು, ಇನ್ನೊಂದು ಪುಟದಲ್ಲಿ ಮರುಜನ್ಮ ಪಡೆಯುತ್ತದೆ. ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಕಲಬುರಗಿಯ ಸೀಮೆಯನ್ನು ಹಾದು ಕೃಷ್ಣೆಯನ್ನು ಸೇರುವ ಭೀಮೆಯ ಗತಿಯೂ ಅದೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಕಾಸರಗೋಡುಗಳಲ್ಲಿ ಕನ್ನಡ ಕೇಳಿಬರುವುದೇಕೆ ಎಂಬ ಪ್ರಶ್ನೆಗೆ ಆ ಬಿಳುಪು ಉತ್ತರ ಕೊಡಲಾರದು.

ಇದಕ್ಕೆ ಬದಲಾಗಿ ಪಶ್ಚಿಮ ಹಾಗೂ ದಕ್ಷಿಣ ಭಾರತಗಳನ್ನು ಒಂದೇ ಹಾಳೆಯಲ್ಲಿ, ಎತ್ತರ ತಗ್ಗುಗಳ ಬಣ್ಣದೊಡನೆ ತೋರಿಸುವ ಪ್ರಾಕೃತಿಕ ಭೂಪಟವಿರುವ ಅಟ್ಲಾಸ್ ಗ್ರಾಹ್ಯ. ಅದರಲ್ಲಿ ಸಹ್ಯಾದ್ರಿ ಅಖಂಡವಾಗಿ ಕಾಣುತ್ತದೆ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಊರಿಗೆ ಹೋಗುವ ಮಗು ಚಿಪಳೂಣದ ವಾಶಿಷ್ಠಿ, ಗೋವೆಯ ಮಾಂಡವಿ ಮತ್ತು ಜುವಾರಿ, ಕಾರವಾರದ ಕಾಳಿ, ಹೊನ್ನಾವರದ ಶರಾವತಿ ಎಂದು ಸೇತುವೆಗಳನ್ನು ಎಣಿಸಬಹುದು. ಈ ನದಿಗಳೆಲ್ಲ ಪಡುವಣಕ್ಕೆ ಹರಿದರೆ, ಅರಬ್ಬೀ ಸಮುದ್ರದಿಂದ ಕೇವಲ 64 ಕಿಲೋಮೀಟರ್ ದೂರದಲ್ಲಿ ಹುಟ್ಟುವ ಕೃಷ್ಣೆ ಮೂಡಣಕ್ಕೆ ತಿರುಗಿ ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನೇಕೆ ಸೇರಬೇಕು? ಪ್ರಾಕೃತಿಕ ಭೂಪಟದ ಬಣ್ಣವೇ ಇದಕ್ಕೆ ಉತ್ತರ: ಘಟ್ಟದ ನೆತ್ತಿ ಪಶ್ಚಿಮ ಕರಾವಳಿಗೆ ಅತಿ ಸಮೀಪವಾಗಿದ್ದು, ಅಲ್ಲಿಂದ ಪ್ರಸ್ಥಭೂಮಿ ಮೂಡಣಕ್ಕೆ ಮೆಲ್ಲನೆ ಇಳಿಯುತ್ತದೆ. ಇಂತಹ ಒಂದು ಪ್ರಶ್ನೆ ನೂರು ರಾಜಧಾನಿಗಳ ಬಾಯಿಪಾಠಕ್ಕಿಂತ ಮೇಲು.

ಎರಡನೆಯ ಪರೀಕ್ಷೆ ಅಳತೆಯದು. ಗೋವೆಯೂ ಕರ್ನಾಟಕವೂ ತಲಾ ಒಂದು ಪುಟವನ್ನು ತುಂಬಿದರೆ ಎರಡೂ ಸಮಾನವೆಂದೇ ಮಗುವಿನ ಎಣಿಕೆ. ವಾಸ್ತವದಲ್ಲಿ ಗೋವೆ 3,702 ಚದರ ಕಿಲೋಮೀಟರ್, ಕರ್ನಾಟಕ 1,91,791. ಲೋಕದ ಪಟದಲ್ಲಿ ಈ ದೋಷ ಇನ್ನೂ ಹೆಚ್ಚು. 1569ರಲ್ಲಿ ಮರ್ಕೇಟರ್ ನಾವಿಕರಿಗಾಗಿ ರಚಿಸಿದ ವಿಧಾನದಲ್ಲಿ ಧ್ರುವದ ಕಡೆಯ ನಾಡುಗಳು ಹಿಗ್ಗುತ್ತವೆ. ಗ್ರೀನ್‌ಲೆಂಡ್ ಆಫ್ರಿಕದ ಸಮಕ್ಕೆ ಬೆಳೆಯುತ್ತದೆ, ಭಾರತ ಅದರೆದುರು ಕುಗ್ಗುತ್ತದೆ. ನಿಜಕ್ಕೆ ಭಾರತ ಗ್ರೀನ್‌ಲೆಂಡಿನ ಒಂದೂವರೆ ಪಟ್ಟು, ಆಫ್ರಿಕ ಹದಿನಾಲ್ಕು ಪಟ್ಟು. ಅಟ್ಲಾಸಿನ ಜೊತೆಗೆ ಒಂದು ಸಣ್ಣ ಗೋಲವನ್ನಿಡುವುದು ಇದಕ್ಕೆ ಸುಲಭ ಪರಿಹಾರ. ಬೆರಳಿನ ಸ್ಪರ್ಶಕ್ಕೆ ಅಳತೆ ಬದಲಾಗುವ ದೂರವಾಣಿಯ ಭೂಪಟ ದಾರಿ ಹುಡುಕಲು ಉಪಯುಕ್ತವಾದರೂ ಅಳತೆಯ ಬುದ್ಧಿಯನ್ನು ಬೆಳೆಸಲಾರದು.

ಮೂರನೆಯದು ಹೆಸರುಗಳ ವಿಚಾರ. 1956ರಲ್ಲಿ ಕಲಕತ್ತೆಯಲ್ಲಿ ಎಸ್. ಪಿ. ಚಟರ್ಜಿಯವರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆ 1957ರಲ್ಲಿ ತನ್ನ ಮೊದಲ ಅಟ್ಲಾಸನ್ನು ಹಿಂದಿಯಲ್ಲಿಯೇ ಹೊರತಂದಿತು; ಕನ್ನಡದಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ ಅದಕ್ಕೂ ಮೊದಲೇ ಲೋಕವನ್ನು ಮಕ್ಕಳ ಮುಂದಿರಿಸಿತ್ತು. ಆದರೂ ಮುಂಬಯಿಯ ಮನೆಗಳಿಗೆ ಬರುವುದು ಬಹುಮಟ್ಟಿಗೆ ಇಂಗ್ಲಿಷ್ ಅಟ್ಲಾಸ್. ರೋಮನ್ ಲಿಪಿಯಲ್ಲಿ ಕಾರ್ಕಳದ ಳಕಾರವೂ ಅಂಕೋಲೆಯ ಲಕಾರವೂ ಒಂದೇ ಅಕ್ಷರ. ಓದಲು ಕಲಿತ ಮಗು ಇದರಿಂದ ತನ್ನ ಊರಿನ ಹೆಸರನ್ನೇ ಪರಕೀಯನಂತೆ ಉಚ್ಚರಿಸತೊಡಗುತ್ತದೆ. ಇಂಗ್ಲಿಷ್ ಅಟ್ಲಾಸ್ ಅನಿವಾರ್ಯವಾದಲ್ಲಿ, ಪೆನ್ಸಿಲಿನಿಂದ ಪಕ್ಕದಲ್ಲಿ ಕನ್ನಡ ಹೆಸರನ್ನು ಬರೆಸುವುದು ಉಚಿತ. ಪೆನ್ಸಿಲು ಹಿಡಿಯುವ ಕಾಗದ ನುಣುಪು ಕಾಗದಕ್ಕಿಂತ ಲೇಸು.

ಹೊಸ ಆವೃತ್ತಿಯೇ ಬೇಕೆಂಬುದೂ ಸರಿ. 2014ರಲ್ಲಿ ತೆಲಂಗಾಣ ಹುಟ್ಟಿತು. ಅದೇ ವರ್ಷ ಕರ್ನಾಟಕದ 12 ನಗರಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ರೂಪಕ್ಕೆ ಬಂದವು. 2019ರಲ್ಲಿ ಲಡಾಖ್ ಪ್ರತ್ಯೇಕವಾಯಿತು. ಆದರೆ ಮನೆಯಲ್ಲಿ ಹಳೆಯ ಅಟ್ಲಾಸಿದ್ದರೆ ಅದನ್ನು ರದ್ದಿಗೆ ಹಾಕಬಾರದು. 1956ರ ಅಕ್ಟೋಬರ್ ತನಕ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ದಕ್ಷಿಣ ಕನ್ನಡ ಮದರಾಸಿನ ಆಡಳಿತವನ್ನು ಕಂಡಿತ್ತು. ಧಾರವಾಡದಿಂದ ಆಗ ಮುಂಬಯಿಗೆ ಬಂದವರು ತಮ್ಮ ರಾಜ್ಯದ ರಾಜಧಾನಿಗೇ ಬಂದಿದ್ದರು, ಪರರಾಜ್ಯಕ್ಕಲ್ಲ. ಹಳೆಯ ಹಾಗೂ ಹೊಸ ಪುಟಗಳನ್ನು ಜೊತೆಯಲ್ಲಿಟ್ಟು ನೋಡಿದ ಮಗುವಿಗೆ ನದಿ ಬೆಟ್ಟಗಳು ಅಲ್ಲಿಯೇ ಇವೆ, ಗೆರೆಗಳು ಮಾತ್ರ ಸರಿದಿವೆ ಎಂಬುದು ಬೋಧನೆಯಿಲ್ಲದೆ ತಿಳಿಯುತ್ತದೆ.

ರೂಸೋ ಹೇಳಿದ ಮೊದಲ ಬಿಂದುವನ್ನೂ ಮರೆಯಲಾಗದು. ವಿಹಾರ, ಪವಯಿ ಕೆರೆಗಳ ಕೋಡಿಯ ನೀರಿನಿಂದ ಹೊರಟು ಮಾಹಿಮದ ಖಾರಿಯಲ್ಲಿ ಸಮುದ್ರ ಸೇರುವ ಮೀಠಿ ನದಿಯನ್ನು ಮುಂಬಯಿ 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ, ನೆನಪಿಸಿಕೊಳ್ಳಬೇಕಾಯಿತು. ನಗರದ ಪಟದಲ್ಲಿ ಈ ನದಿ ಕಾಣದಿದ್ದರೆ ಮಗುವಿನ ಕೈಯಿಂದಲೇ ಅದನ್ನು ಬರೆಸಬೇಕು.

ಒಟ್ಟಿನಲ್ಲಿ ಪುಟಗಳ ಸಂಖ್ಯೆ, ಧ್ವಜಗಳ ಚಿತ್ರ, ಹೊದಿಕೆಯ ಹೊಳಪು ಇವು ಗೌಣ. ಅಂಗಡಿಯಲ್ಲಿ ಅಟ್ಲಾಸನ್ನು ತೆರೆದು ಮುಂಬಯಿಯ ಮೇಲೊಂದು, ಊರಿನ ಮೇಲೊಂದು ಬೆರಳನ್ನು ಒಂದೇ ಹಾಳೆಯಲ್ಲಿ ಇಡಲು ಸಾಧ್ಯವೇ, ನಡುವಣ ಭೂಮಿ ಬಿಳುಪಾಗಿರದೆ ಬೆಟ್ಟ ಹೊಳೆಗಳಿಂದ ತುಂಬಿದೆಯೇ ಎಂದು ನೋಡಿದರೆ ಸಾಕು. ಆ ಪರೀಕ್ಷೆಯಲ್ಲಿ ಉತ್ತೀರ್ಣವಾದ ಗ್ರಂಥದಿಂದ ಕಲಿತ ಮಗು ತನಗೆ ಎರಡು ಊರುಗಳಿರುವುದನ್ನು ಕೊರತೆಯೆಂದು ಬಗೆಯದು.