ನಾದಸ್ತಂಭವೂ ವಿದ್ಯುತ್ತಿನ ವಿಕೃತಿಯೂ: ಒಂದು ದೃಷ್ಟಾಂತದ ವಿಮರ್ಶೆ

ವಿದ್ಯುತ್ತಿನಲ್ಲಿ ತಲೆದೋರುವ ಹಾರ್ಮೋನಿಕ್ ವಿಕೃತಿಯನ್ನು ಬೋಧಿಸುವಾಗ ಸಂಗೀತದಿಂದ ದೃಷ್ಟಾಂತವನ್ನು ತರುವುದುಂಟು. ಹೊಸಪೇಟೆಯ ಸೀಮೆಯ ಅಧ್ಯಾಪಕರಿಗೆ ಹಂಪಿಯ ವಿಠ್ಠಲ ದೇವಾಲಯದ ನಾದಸ್ತಂಭಗಳು ನೆನಪಾಗುವುದು ಸಹಜವೇ. ದೃಷ್ಟಾಂತವೇನೋ ಸೊಗಸಾದುದು, ಆದರೆ ಅನ್ವಯ ತಪ್ಪಿದರೆ ವಿದ್ಯಾರ್ಥಿಯ ತಿಳಿವಳಿಕೆಯೊಡನೆ ಯಂತ್ರಗಳೂ ಕೆಡುತ್ತವೆ. ಆದುದರಿಂದ ಅದನ್ನಿಲ್ಲಿ ಪರಿಶೀಲಿಸುತ್ತೇವೆ.

ನಮ್ಮ ವಿದ್ಯುತ್ತಿನ ಮೂಲ ಆವೃತ್ತಿ ಸೆಕೆಂಡಿಗೆ 50. ಸಂಡೂರು ತಾಲ್ಲೂಕಿನಲ್ಲಿರುವಂಥ ಉಕ್ಕಿನ ಉದ್ಯಮಗಳಲ್ಲಿ ಮೋಟಾರುಗಳ ವೇಗವನ್ನು ನಿಯಂತ್ರಿಸಲು ರೆಕ್ಟಿಫೈಯರುಗಳು ಬೇಕು. ಅವು ಪ್ರವಾಹವನ್ನು ನಯವಾದ ಅಲೆಯಾಗಿ ಸೆಳೆಯದೆ ತುಂಡುತುಂಡಾಗಿ ಸೆಳೆಯುತ್ತವೆ. ಆರು ಪಲ್ಸಿನ ರೆಕ್ಟಿಫೈಯರಿನಿಂದ ಮುಖ್ಯವಾಗಿ 5, 7, 11, 13ನೆಯ ಹಾರ್ಮೋನಿಕ್‌ಗಳು ಹುಟ್ಟುತ್ತವೆ; ಇವೆಲ್ಲ ಮೂಲ ಆವೃತ್ತಿಯ ಪೂರ್ಣಾಂಕ ಗುಣಕಗಳು. ಕಂಬದ ಸ್ಥಿತಿ ಹಾಗಲ್ಲ. ಕಂಬಗಳು ಟೊಳ್ಳಲ್ಲ, ಅವುಗಳ ನಾದ ಬಾಗುವ ಕಂಪನದಿಂದ ಹುಟ್ಟುತ್ತದೆ ಎಂದು ಕಲ್ಪಾಕ್ಕಮಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಎರಡು ತುದಿಗಳೂ ಬಿಗಿದ ಸಮರೂಪದ ದಂಡ ಹೀಗೆ ಕಂಪಿಸಿದರೆ ಅದರ ಎರಡನೆಯ ಆವೃತ್ತಿ ಮೊದಲನೆಯದರ ಸುಮಾರು 2.76 ಪಾಲು, ಪೂರ್ಣಾಂಕವಲ್ಲ. ಆದಕಾರಣ ಹಾರ್ಮೋನಿಕ್ಕಿಗೆ ಕಂಬ ತಕ್ಕ ದೃಷ್ಟಾಂತವಾಗಲಾರದು.

ಹಾಗಾದರೆ ಕಂಬ ಕಲಿಸುವುದೇನು? ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸ್ವಾಭಾವಿಕ ಆವೃತ್ತಿಯುಂಟು ಎಂಬುದನ್ನು. ವಿದ್ಯುನ್ಮಂಡಲಕ್ಕೂ ಅದು ಉಂಟು. ನಮ್ಮ ಪಾಠಗಳು ಹಗುರವಾಗಿ ದಾಟಿಹೋಗುವುದು ಇದನ್ನೇ. ಕಂಪ್ಲಿಯ ಅಕ್ಕಿಗಿರಣಿಯೊಂದನ್ನು ಭಾವಿಸೋಣ. ಅಲ್ಲಿನ ಶಾರ್ಟ್‌ಸರ್ಕ್ಯೂಟ್ ಸಾಮರ್ಥ್ಯ 10,000 ಕೆವಿಎ ಇರಲಿ. ಪವರ್ ಫ್ಯಾಕ್ಟರನ್ನು ತಿದ್ದಲು 400 ಕೆವಿಎಆರ್ ಕೆಪಾಸಿಟರುಗಳನ್ನು ಸೇರಿಸಲಿ. ಭಾಗಲಬ್ಧ 25, ಅದರ ವರ್ಗಮೂಲ 5. ಎಂದರೆ ಆ ಮಂಡಲ ಐದನೆಯ ಹಾರ್ಮೋನಿಕ್ಕಿಗೆ, ಸೆಕೆಂಡಿಗೆ 250 ಆವರ್ತಗಳಲ್ಲಿ, ಅನುರಣಿಸುತ್ತದೆ. ಗಿರಣಿಯ ವೇಗನಿಯಂತ್ರಕಗಳಿಂದ ಹೊರಟ ಅಲ್ಪ ವಿಕೃತಿಯೂ ಅಲ್ಲಿ ಉಬ್ಬುತ್ತದೆ. ಕೆಪಾಸಿಟರುಗಳು ಕಾಯ್ದು ಹಾಳಾಗುತ್ತವೆ. ಕೆಪಾಸಿಟರ್ ಸೇರಿಸಿದಷ್ಟೂ ಒಳಿತೆಂಬ ಬೋಧನೆ ಅರ್ಧಸತ್ಯವೆಂದು ಹೇಳದೆ ವಿಧಿಯಿಲ್ಲ.

ಪರಿಹಾರ ದುರ್ಲಭವಲ್ಲ. ಕೆಪಾಸಿಟರಿನೊಡನೆ ಸರಣಿಯಲ್ಲಿ ಶೇಕಡಾ 7ರ ರಿಯಾಕ್ಟರನ್ನಿಟ್ಟರೆ ಆ ಜೋಡಿಯ ಸ್ವಾಭಾವಿಕ ಆವೃತ್ತಿ ಸುಮಾರು 189ಕ್ಕೆ ಇಳಿದು, 250ರ ಗೊಡವೆ ತಪ್ಪುತ್ತದೆ. ದೊಡ್ಡ ಉದ್ಯಮಗಳಲ್ಲಿ ಪರಸ್ಪರ 30 ಡಿಗ್ರಿ ಸರಿದ ಎರಡು ಸುರುಳಿಗಳಿಂದ ಎರಡು ಸಮಾನ ರೆಕ್ಟಿಫೈಯರುಗಳನ್ನು ನಡೆಸಿದರೆ 5 ಮತ್ತು 7ನೆಯ ಹಾರ್ಮೋನಿಕ್‌ಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತವೆ.

ಹಂಪಿಯ ಕಂಬವನ್ನು ಪಾಠದಿಂದ ತೆಗೆದುಹಾಕಬೇಕೆಂದು ನಾವು ಹೇಳುತ್ತಿಲ್ಲ. ಹಾರ್ಮೋನಿಕ್ಕಿನ ಅಧ್ಯಾಯದಿಂದ ಅನುರಣನದ ಅಧ್ಯಾಯಕ್ಕೆ ಅದನ್ನು ಸಾಗಿಸಬೇಕೆಂಬುದಷ್ಟೆ ನಮ್ಮ ಸೂಚನೆ.