ಎಲೆಗಳೂ ಗ್ರಹಗಳೂ

ಟ್ಯಾರೋ ಎಂಬ ಚಿತ್ರದೆಲೆಗಳ ಕಟ್ಟು ಈಚೆಗೆ ನಮ್ಮ ದುರ್ಗದ ಓದುಬರಹ ಬಲ್ಲ ಮನೆಗಳಿಗೂ ಬಂದಿದೆ. ೭೮ ಎಲೆಗಳನ್ನು ಕಲೆಸಿ ಹರಡುವುದು; ಪ್ರಶ್ನೆಯೊಂದನ್ನು ಮನಸ್ಸಿನಲ್ಲಿ ಹಿಡಿದು ಒಂದೋ ಮೂರೋ ಎಲೆಗಳನ್ನು ತೆಗೆಯುವುದು; ಬಂದ ಚಿತ್ರಕ್ಕೆ ಬಲ್ಲವರು ಅರ್ಥ ಹೇಳುವುದು; ಇದರ ಕ್ರಮ ಇಷ್ಟೆ. ಈಗ ಇದರೊಡನೆ ಜ್ಯೋತಿಷವೂ ಸೇರಿಕೊಂಡಿದೆ. ಇಂಥ ಗ್ರಹಕ್ಕೆ ಇಂಥ ಎಲೆ, ಇಂಥ ರಾಶಿಗೆ ಇಂಥ ಎಲೆ ಎಂದು ಹೊಂದಿಸಿ, ಜಾತಕವನ್ನೂ ಎಲೆಯನ್ನೂ ಒಟ್ಟಿಗೆ ಓದಿದರೆ ಆತ್ಮೋನ್ನತಿಗೆ ದಾರಿ ತೆರೆಯುವುದೆಂದು ಹೇಳುವವರು ಹೆಚ್ಚುತ್ತಿರುವರು.

ನಮ್ಮ ಬಂಧುಗಳ ಮನೆಯ ಹೆಣ್ಣುಮಗಳೊಬ್ಬಳಿಗೆ ಪರಸ್ಥಳದಲ್ಲಿ ಅಧ್ಯಾಪಿಕೆಯ ಕೆಲಸ ದೊರೆಯಿತು. ಹೋಗಲೋ ಬೇಡವೋ ಎಂಬ ಅಳುಕಿನಲ್ಲಿ ಅವಳು ಎಲೆ ಕೇಳಿಸಿದಳು. ಬಂದದ್ದು ‘ಬುರುಜು’ ಎಂಬ ಎಲೆ: ಸಿಡಿಲು ಬಡಿದು ಎತ್ತರದ ಬುರುಜಿನ ನೆತ್ತಿಯ ಕಿರೀಟ ಹಾರಿಹೋಗಿದೆ, ಒಳಗಿದ್ದ ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಈ ಎಲೆ ಕುಜನದು, ನಿನ್ನ ಜಾತಕದಲ್ಲಿಯೂ ಕುಜನು ಅಷ್ಟಮದಲ್ಲಿದ್ದಾನೆ, ಎರಡು ಕಡೆಯಿಂದಲೂ ಒಂದೇ ಮಾತು ಬಂದಿತು ಎಂದು ಓದಿದವರು ಹೇಳಿದರು. ಕೆಲಸಕ್ಕೆ ಸೇರಬೇಕಾಗಿದ್ದ ದಿನ ಸುಮ್ಮನೆ ಕಳೆದುಹೋಯಿತು. ಈ ಲೇಖನಕ್ಕೆ ಕಾರಣವಾದದ್ದು ಆ ಹುಡುಗಿಯ ಪ್ರಶ್ನೆ: “ಆ ಎಲೆಗೂ ಕುಜನಿಗೂ ನಂಟು ಕಟ್ಟಿದವರು ಯಾರು, ದೊಡ್ಡಪ್ಪ?”

ಸಾಹಿತ್ಯಪತ್ರಿಕೆಯಲ್ಲಿ ಈ ಚರ್ಚೆ ಏಕೆ ಎಂದು ವಾಚಕರು ಕೇಳಬಹುದು. ಒಂದು ವಸ್ತುವನ್ನು ಇನ್ನೊಂದರ ಹೆಸರಿನಿಂದ ಕರೆದು ಎರಡಕ್ಕೂ ಬೆಳಕು ತರುವುದು ರೂಪಕದ ಕೆಲಸ. ರೂಪಕದ ಗುಣದೋಷಗಳನ್ನು ತೂಗುವುದು ವಿಮರ್ಶೆಯ ಕೆಲಸ. ಬುರುಜನ್ನು ಕುಜನೆಂದವರು ರೂಪಕವನ್ನೇ ಕಟ್ಟಿದರು. ಅದನ್ನು ರೂಪಕವೆಂದು ನಮಗೆ ತಿಳಿಸಿದರೆ, ಅಥವಾ ವಿಧಿಯ ಅಪ್ಪಣೆಯೆಂದು ಕೊಟ್ಟರೆ, ಎಂಬುದರ ಮೇಲೆ ಒಂದು ಮನೆಯ ನೆಮ್ಮದಿ ನಿಂತಿರುವಾಗ ವಿಮರ್ಶೆ ಸುಮ್ಮನಿರಲಾಗದು.

ಟ್ಯಾರೋ ಹುಟ್ಟಿದ್ದು ಹದಿನೈದನೆಯ ಶತಮಾನದಲ್ಲಿ, ಇಟಲಿಯ ಉತ್ತರಭಾಗದ ಅರಸುಮನೆಗಳಲ್ಲಿ, ಅದೂ ಆಟಕ್ಕಾಗಿ. ೫೬ ಸಾಮಾನ್ಯ ಎಲೆಗಳು, ಅವುಗಳನ್ನು ಗೆಲ್ಲುವ ೨೨ ಚಿತ್ರದೆಲೆಗಳು. ಫ್ರಾನ್ಸ್ ದೇಶದಲ್ಲಿ ಇಂದಿಗೂ ಜನ ಅದನ್ನು ಆಟವಾಗಿಯೇ ಆಡುವರು. ೧೭೮೧ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ವಿದ್ವಾಂಸನು, ಇದು ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥವೆಂದು ಬರೆದನು. ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ಬಗೆ ಶಾಂಪೋಲಿಯನ್ನನಿಂದ ತಿಳಿದುಬಂದದ್ದು ೧೮೨೨ರಲ್ಲಿ. ಎಂದರೆ ಆ ಲಿಪಿಯ ಒಂದಕ್ಷರವನ್ನೂ ಓದಲಾಗದ ಕಾಲದಲ್ಲಿ ಆಡಿದ ಮಾತು ಅದು. ಮುಂದೆ ಎಲಿಫಾಸ್ ಲೆವಿಯು ೧೮೫೦ರ ದಶಕದಲ್ಲಿ ೨೨ ಎಲೆಗಳನ್ನು ಹೀಬ್ರೂ ಭಾಷೆಯ ೨೨ ಅಕ್ಷರಗಳಿಗೆ ಜೋಡಿಸಿದನು. ೧೮೮೮ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ‘ಗೋಲ್ಡನ್ ಡಾನ್’ ಎಂಬ ಗೂಢಮಂಡಲಿಯು ರಾಶಿಗಳು ೧೨, ಗ್ರಹಗಳು ೭, ಭೂತತತ್ತ್ವಗಳು ೩, ಒಟ್ಟು ೨೨ ಎಂದು ಲೆಕ್ಕ ಕೂಡಿಸಿ, ಒಂದೊಂದು ಎಲೆಗೆ ಒಂದೊಂದನ್ನು ಹಂಚಿತು. ಬುರುಜಿಗೆ ಕುಜನು ಬಂದು ಕುಳಿತದ್ದು ಆ ಹಂಚಿಕೆಯಲ್ಲಿ. ಹಳೆಯ ಕಟ್ಟುಗಳಲ್ಲಿ ನ್ಯಾಯದ ಎಲೆ ಎಂಟನೆಯದು, ಬಲದ ಎಲೆ ಹನ್ನೊಂದನೆಯದು. ಸಿಂಹವನ್ನು ಹಿಡಿದ ಹೆಂಗಸಿನ ಚಿತ್ರ ಸಿಂಹರಾಶಿಗೂ, ತಕ್ಕಡಿ ಹಿಡಿದ ನ್ಯಾಯದೇವಿಯ ಚಿತ್ರ ತುಲಾರಾಶಿಗೂ ಸರಿಹೊಂದಬೇಕೆಂದು ಆ ಎರಡರ ಸ್ಥಾನವನ್ನು ಅದಲುಬದಲು ಮಾಡಿದರು. ಅದೇ ಮಂಡಲಿಯವರಾಗಿದ್ದ ವೇಟ್ ಎಂಬಾತನು ಹೇಳಿ, ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಗಾರ್ತಿ ಬರೆದು, ೧೯೦೯ರಲ್ಲಿ ಪ್ರಕಟವಾದ ಕಟ್ಟಿನಲ್ಲಿಯೂ ಈ ಬದಲಾವಣೆ ನಿಂತಿತು. ಇಂದು ಬಹುಮಂದಿಯ ಕೈಯಲ್ಲಿರುವುದು ಆ ಕಟ್ಟೇ. ಆಕಾಶಕ್ಕೆ ಹೊಂದಲೆಂದು ಎಲೆಗಳ ಕ್ರಮವನ್ನೇ ತಿದ್ದಿದ ಮೇಲೆ, ಎಲೆಗಳು ಆಕಾಶಕ್ಕೆ ಹೊಂದುತ್ತವೆಂದು ಬೆರಗುಪಡುವುದು ಸರಿಯೆ?

ಇನ್ನೊಂದು ತೊಡಕನ್ನು ಪಂಚಾಂಗ ನೋಡುವ ಮನೆಯವರು ತಾವೇ ಪರೀಕ್ಷಿಸಬಹುದು. ಪಶ್ಚಿಮದವರ ರಾಶಿಗಣನೆ ಸಾಯನ, ನಮ್ಮದು ನಿರಯನ. ಎರಡಕ್ಕೂ ನಡುವೆ ಈಗ ಸುಮಾರು ೨೪ ಅಂಶಗಳ ಅಂತರವಿದೆ. ಏಪ್ರಿಲ್ ಒಂದನೆಯ ತಾರೀಖು ಹುಟ್ಟಿದವನಿಗೆ ಅವರ ಲೆಕ್ಕದಲ್ಲಿ ರವಿ ಮೇಷದಲ್ಲಿ; ಅವನ ಎಲೆ ‘ಚಕ್ರವರ್ತಿ’. ನಮ್ಮ ಪಂಚಾಂಗದಲ್ಲಿ ಮೇಷಸಂಕ್ರಮಣಕ್ಕೆ ಇನ್ನೂ ಎರಡು ವಾರಗಳಿರುವುದರಿಂದ ರವಿ ಮೀನದಲ್ಲಿಯೇ ಇರುವನು. ಮೀನಕ್ಕೆ ಆ ಮಂಡಲಿ ಕೊಟ್ಟ ಎಲೆ ‘ಚಂದ್ರ’. ಸಿಂಹಾಸನವೇರಿದ ಚಕ್ರವರ್ತಿಯೆಲ್ಲಿ, ಮಬ್ಬು ಬೆಳಕಿನಲ್ಲಿ ನಾಯಿಯೂ ತೋಳವೂ ಮೊರೆಯಿಡುವ ಚಂದ್ರನ ಚಿತ್ರವೆಲ್ಲಿ! ನಮ್ಮ ಜಾತಕದ ಮೇಲೆ ಅವರ ಎಲೆಯನ್ನು ಹಾಕುವವರು ಈ ಎರಡರಲ್ಲಿ ಯಾವುದು ತಮ್ಮದೆಂದು ಮೊದಲು ಹೇಳಬೇಕು.

ಆದರೆ ಪರದೇಶದಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಇದನ್ನು ತಳ್ಳುವುದು ನ್ಯಾಯವಲ್ಲ. ನಮ್ಮ ಊರಿನ ಮಗ್ಗುಲಿನ ಚಂದ್ರವಳ್ಳಿಯ ಮಣ್ಣಿನಲ್ಲಿಯೇ ರೋಮಕರ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ. ನಾಣ್ಯ ಬಂದ ದಾರಿಯಲ್ಲಿ ಮಾತೂ ಬರುವುದು. ಜ್ಯೋತಿಷದಲ್ಲಿ ನಾವು ದಿನವೂ ಬಳಸುವ ‘ಹೋರಾ’, ‘ದ್ರೇಕ್ಕಾಣ’ ಎಂಬ ಶಬ್ದಗಳು ಗ್ರೀಕ್ ಭಾಷೆಯವು. ಒಂದೊಂದು ರಾಶಿಯನ್ನು ಹತ್ತು ಹತ್ತು ಅಂಶಗಳ ಮೂರು ಪಾಲು ಮಾಡಿದರೆ ಒಟ್ಟು ೩೬ ದ್ರೇಕ್ಕಾಣಗಳು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹಜ್ಜಾತಕದಲ್ಲಿ ಇವುಗಳಿಗೆ ಮೀಸಲಾದ ಒಂದು ಅಧ್ಯಾಯವನ್ನೇ ಇಟ್ಟು, ಒಂದೊಂದು ದ್ರೇಕ್ಕಾಣಕ್ಕೆ ಒಂದೊಂದು ಸ್ವರೂಪವನ್ನು ವರ್ಣಿಸಿದ್ದಾನೆ. ಲಂಡನ್ನಿನ ಮಂಡಲಿಯೂ ಎರಡರಿಂದ ಹತ್ತರವರೆಗಿನ ೩೬ ಸಾಮಾನ್ಯ ಎಲೆಗಳಿಗೆ ಈ ೩೬ ಪಾಲುಗಳನ್ನೇ ಹಂಚಿತ್ತು. ಆಕಾಶದ ತುಂಡುಗಳನ್ನು ಚಿತ್ರಗಳನ್ನಾಗಿ ಕಾಣುವ ಬಯಕೆ ಮನುಷ್ಯನಲ್ಲಿ ಬಹು ಹಳೆಯದು. ಅದರಲ್ಲಿ ತಪ್ಪೇನೂ ಇಲ್ಲ.

ಎಲೆಗೂ ಗ್ರಹಕ್ಕೂ ನಂಟು ಕಟ್ಟಿದ ಪ್ರಯತ್ನ ನಮ್ಮ ನಾಡಿನಲ್ಲಿಯೂ ನಡೆದಿದೆ. ಟ್ಯಾರೋವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುವುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ. ಅವುಗಳಲ್ಲಿ ಗ್ರಹನಿಧಿಯೂ ಒಂದು; ಕೊನೆಯದು ಕೌತುಕನಿಧಿ. ಈ ಕೌತುಕನಿಧಿಯಲ್ಲಿ ‘ಛದ’ಗಳೆಂಬ ಎಲೆಯಾಟಗಳ ವಿವರಣೆಯಿದೆ. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಇಸ್ಪೀಟಿಗೆ ನಾವು ಹೇಳುವ ಮಾತೂ ಅದೇ. ಚಾಮುಂಡೇಶ್ವರೀ ಛದಕ್ಕೆ ೧೬ ವರ್ಗ, ೩೨೦ ಎಲೆ. ಜಗನ್ಮೋಹನ ಛದಕ್ಕೆ ೧೨ ವರ್ಗ, ೩೬೦ ಎಲೆ. ಹಾಗೆಯೇ ನವಗ್ರಹ ಛದವೆಂಬುದೂ ಉಂಟು. ಹನ್ನೆರಡು ವರ್ಗ, ವರ್ಗಕ್ಕೆ ಮೂವತ್ತರಂತೆ ೩೬೦ ಎಂದೊಡನೆ ರಾಶಿಚಕ್ರ ನೆನಪಾಗದಿರದು. ಆದರೆ ಸಂಖ್ಯೆ ಕೂಡಿತೆಂದು ತತ್ತ್ವ ಹುಡುಕುವ ಆತುರವನ್ನು ಮೇಲೆ ಆಕ್ಷೇಪಿಸಿದ ನಾನೇ ಇಲ್ಲಿ ಅದಕ್ಕೆ ಒಳಗಾಗಲಾರೆ. ೧೮೩೧ರಲ್ಲಿ ರಾಜ್ಯದ ಆಡಳಿತವನ್ನು ಇಂಗ್ಲಿಷರು ಕೈಗೆ ತೆಗೆದುಕೊಂಡರು. ೧೮೬೮ರಲ್ಲಿ ತೀರಿಕೊಳ್ಳುವವರೆಗೂ ದೊರೆಗೆ ಅರಮನೆಯಿತ್ತು, ಅಧಿಕಾರವಿರಲಿಲ್ಲ. ಗ್ರಹಗತಿ ಕೆಟ್ಟಿತೆಂದು ಕೈಕಟ್ಟಿ ಕೂರಲು ಅವರಿಗಿದ್ದಷ್ಟು ಕಾರಣ ಬೇರೆ ಯಾರಿಗಿದ್ದೀತು? ಅವರಾದರೋ ಗ್ರಹಗಳನ್ನು ಎಲೆಯ ಮೇಲೆ ಬರೆಸಿ ಆಟಕ್ಕೆ ಕರೆದರು. ಮುನ್ನೂರು ಎಲೆಗಳನ್ನು ಹಂಚಿ ಆಡುವುದು ಸುಲಭವಲ್ಲ. ಈ ಛದಗಳು ಜನರ ಜಗುಲಿಯ ಆಟಗಳಾಗಲಿಲ್ಲವೆಂಬ ಕೊರತೆಯನ್ನೂ ಹೇಳಬೇಕು.

ಎರಡರ ವ್ಯತ್ಯಾಸ ನನಗೆ ತೋರಿದುದು ಹೀಗೆ. ಆಟದಲ್ಲಿ ಯಾವ ಎಲೆ ಬರುವುದೆಂಬುದು ನಮ್ಮ ಕೈಯಲ್ಲಿಲ್ಲ. ಬಂದ ಮೇಲೆ ಯಾವುದನ್ನು ಇಳಿಸಬೇಕು, ಯಾವುದನ್ನು ಹಿಡಿದಿರಬೇಕು ಎಂಬುದು ನಮ್ಮ ಕೈಯಲ್ಲಿದೆ. ದೈವವೂ ಪುರುಷಕಾರವೂ ಅಲ್ಲಿ ಒಂದೇ ಹಲಗೆಯ ಮೇಲೆ ಕುಳಿತಿವೆ. ಕೆಟ್ಟ ಎಲೆ ಬಂದವನೂ ಜಾಣತನದಿಂದ ಗೆಲ್ಲಬಹುದು. ಒಳ್ಳೆಯ ಎಲೆ ಬಂದವನೂ ಮೈಮರೆತು ಸೋಲಬಹುದು. ಎಲೆ ಕೇಳಿಸುವ ಕಡೆ ಹಾಗಲ್ಲ. ಎಲೆ ಬಿದ್ದಿತು, ಅರ್ಥ ಬಂದಿತು, ಕೇಳಿದವರು ಎದ್ದು ಬಂದರು. ಅವರು ಆಡಬೇಕಾದ ಆಟವೇ ಉಳಿಯಲಿಲ್ಲ. ಆದ್ದರಿಂದ ಇಂಥ ಯಾವ ಪದ್ಧತಿಯನ್ನಾದರೂ ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: ಎಲೆ ಬಿದ್ದ ಮೇಲೆ ಮನುಷ್ಯನಿಗೆ ಮಾಡಲು ಕೆಲಸ ಉಳಿದಿದೆಯೆ, ಇಲ್ಲವೆ? ನಮ್ಮ ಕಡೆಯ ಜಾತ್ರೆಗಳಲ್ಲಿ ಹಿಂದೆ ಕಾಣುತ್ತಿದ್ದ ಗಿಳಿಶಾಸ್ತ್ರದವನ ಮುಂದೆ ಕುಳಿತು ಎದ್ದವರು, ಗಿಳಿ ಎತ್ತಿದ ಚೀಟಿಯನ್ನು ನೆನೆದು ನಕ್ಕು ತೇರು ಎಳೆಯಲು ಹೋಗುತ್ತಿದ್ದರು. ದುಬಾರಿ ಕಾಣಿಕೆಯೂ ಗಂಭೀರ ಮುಖವೂ ಸೇರಿದ ಮೇಲೆ ಆ ನಗು ಮಾಯವಾಗಿದೆ.

ಬುರುಜಿನ ಎಲೆಗೇ ಹಿಂದಿರುಗೋಣ. ಏಳುಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವರಿಗೆ ಬುರುಜು ಬೀಳುವುದೆಂದರೇನೆಂದು ಲಂಡನ್ನಿನವರು ಹೇಳಿಕೊಡಬೇಕಾಗಿಲ್ಲ. ೧೭೭೯ರಲ್ಲಿ ಹೈದರಾಲಿಗೆ ಕೋಟೆ ವಶವಾಯಿತು. ಮದಕರಿನಾಯಕನ ಆಳಿಕೆ ಮುಗಿಯಿತು. ಅದನ್ನು ಕುರಿತು ತ. ರಾ. ಸುಬ್ಬರಾಯರು ಬರೆದ ಕಾದಂಬರಿಗೆ ‘ದುರ್ಗಾಸ್ತಮಾನ’ವೆಂದು ಹೆಸರಿಟ್ಟರು, ೧೯೮೫ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ‘ಅಸ್ತ’ವೆಂಬುದು ಸೂರ್ಯನಿಗೆ, ಗ್ರಹಗಳಿಗೆ ಹೇಳುವ ಮಾತು. ಕಲ್ಲಿನ ಕೋಟೆಗೆ ಆಕಾಶದ ಮಾತನ್ನು ಹಚ್ಚಿದ್ದರಿಂದ ಒಂದು ಪಾಳೆಯಪಟ್ಟಿನ ಸೋಲು ಹಗಲು ಮುಗಿದಷ್ಟು ದೊಡ್ಡದಾಗಿ ಕಂಡಿತು. ಬುರುಜನ್ನು ಕುಜನಿಗೆ ಹಚ್ಚಿದವರು ಮಾಡಿದ್ದೂ ಇದೇ ಜಾತಿಯ ಕೆಲಸ. ಆದರೆ ದುರ್ಗಾಸ್ತಮಾನವನ್ನು ಓದಿ ಮುಚ್ಚಿದ ಯಾವ ಗೃಹಸ್ಥನೂ ನಾಳೆ ತನ್ನ ಮನೆಯ ಗೋಡೆ ಬೀಳುವುದೆಂದು ಅಂಜಲಿಲ್ಲ. ಹಮ್ಮು, ನಿಷ್ಠೆ, ದ್ರೋಹ ಇವು ತನ್ನಲ್ಲಿ ಎಷ್ಟೆಷ್ಟಿವೆ ಎಂದು ನೋಡಿಕೊಂಡಿದ್ದರೆ ಇದ್ದೀತು. ರೂಪಕ ಫಲಿಸುವುದು ಹೀಗೆ.

ಶಾಸ್ತ್ರವನ್ನೇ ಒಪ್ಪಿ ಹೇಳಿದರೂ ಆ ಹುಡುಗಿಗೆ ದೊರೆತ ಅರ್ಥ ಬಡವಾದುದು. ಜ್ಯೋತಿಷದಲ್ಲಿ ಕುಜನು ಕೇಡಿಗೆ ಮಾತ್ರ ಕಾರಕನಲ್ಲ. ಧೈರ್ಯಕ್ಕೂ ಪರಾಕ್ರಮಕ್ಕೂ ಕಾರಕನು ಅವನೇ. ಬುರುಜಿನ ಚಿತ್ರದಲ್ಲಿಯೂ ಬೀಳುವುದು ಕಿರೀಟವಿಟ್ಟ ಕಟ್ಟಡ. ಒಳಗೆ ಮುಚ್ಚಿಕೊಂಡಿದ್ದವರು ಹೊರಗೆ ಬರುತ್ತಿದ್ದಾರೆಂದೂ ನೋಡಬಹುದು. ಹಾಗಾದರೆ ಅದೇ ಎಲೆ, ಅದೇ ಗ್ರಹ, ‘ಹೋಗು’ ಎಂದೂ ಹೇಳಿದಂತಾಗಲಿಲ್ಲವೆ? ಎರಡೂ ಅರ್ಥ ಬರುವ ಕಡೆ ಒಂದನ್ನೇ ಆಯ್ದದ್ದು ಎಲೆಯಲ್ಲ, ಓದಿದವರ ಬಾಯಿ. ಅದನ್ನು ಹಿಡಿದದ್ದು ಕೇಳಿದವಳ ಅಳುಕು.

ಆತ್ಮೋನ್ನತಿಯ ಮಾತು ಉಳಿಯಿತು. ನಮ್ಮ ಧ್ಯಾನಶ್ಲೋಕಗಳೂ ಚಿತ್ರಗಳೇ: ಇಷ್ಟು ಕೈ, ಇಂಥ ಆಯುಧ, ಇಂಥ ಬಣ್ಣ ಎಂದು ದೇವತೆಯ ಆಕಾರವನ್ನು ಮನಸ್ಸಿನಲ್ಲಿ ನಿಲ್ಲಿಸುವುವು. ಆದರೆ ಧ್ಯಾನಕ್ಕೆ ಕುಳಿತವನು ‘ನಾಳೆ ಏನಾಗುವುದು?’ ಎಂದು ಮೂರ್ತಿಯನ್ನು ಕೇಳುವುದಿಲ್ಲ. ಚಿತ್ರದ ಮುಂದೆ ತನ್ನ ಮನಸ್ಸು ಎಲ್ಲೆಲ್ಲಿ ಹರಿಯಿತೆಂದು ಕಾಣುವನು. ಟ್ಯಾರೋ ಎಲೆಯನ್ನೂ ಹಾಗೆ ಎದುರಿಗಿಟ್ಟುಕೊಂಡು, ಈ ಚಿತ್ರದಲ್ಲಿ ನನಗೆ ಮೊದಲು ಕಂಡದ್ದೇನು, ಏಕೆ ಅದೇ ಕಂಡಿತು ಎಂದು ಕೇಳಿಕೊಳ್ಳುವವರು ಇದ್ದರೆ ಅವರಿಗೆ ನನ್ನ ಆಕ್ಷೇಪವಿಲ್ಲ. ಅವರಿಗೆ ಅದು ಕನ್ನಡಿಯಾದೀತು. ಯೋಗವಾಸಿಷ್ಠವು ಮುಮುಕ್ಷುವಿಗೆ ಮೊದಲು ಬೋಧಿಸುವುದು ಪೌರುಷದ ಹಿರಿಮೆಯನ್ನು. ಹನ್ನೆರಡನೆಯ ಶತಮಾನದ ಶಿವಶರಣರು ತಿಥಿ ವಾರ ನಕ್ಷತ್ರಗಳ ಅಂಜಿಕೆಯಿಂದ ಭಕ್ತನನ್ನು ಬಿಡಿಸಿದರು. ಒಂದು ವೈದಿಕ ಪರಂಪರೆಯದು, ಇನ್ನೊಂದು ಅದನ್ನು ಪ್ರಶ್ನಿಸಿದ್ದು. ಆದರೂ ಮೇಲಕ್ಕೇರುವವನು ತನ್ನ ಕಾಲಿನಿಂದಲೇ ಏರಬೇಕೆಂಬುದರಲ್ಲಿ ಎರಡೂ ಒಂದೇ. ಅಂಜಿಕೆಯನ್ನು ಹೆಚ್ಚಿಸುವ ಯಾವುದನ್ನೂ ಸಾಧನೆಯೆಂದು ಕರೆಯಲು ನಮ್ಮ ಹಿರಿಯರ ಒಪ್ಪಿಗೆಯಿಲ್ಲ.

ಹುಡುಗಿಗೆ ಇಷ್ಟನ್ನೂ ಹೇಳಿದೆ. ಕೈತಪ್ಪಿದ ಕೆಲಸ ಇದರಿಂದ ಮರಳಿ ಬರಲಿಲ್ಲ. ಅಲ್ಲಿ ಈಗ ಬೇರೆಯವರು ಪಾಠ ಹೇಳುತ್ತಿದ್ದಾರೆ. ಅವಳು ಒಂದು ಗಳಿಗೆ ಸುಮ್ಮನಿದ್ದು, “ಹಾಗಾದರೆ ಆ ದಿನ ಹೋಗದೆ ಇದ್ದದ್ದು ಕುಜನಲ್ಲ, ನಾನೇ” ಎಂದಳು. ಕೇಳಲು ನೋವಿನ ಮಾತು. ಆದರೆ ಎಲೆಗಳನ್ನೂ ಗ್ರಹಗಳನ್ನೂ ಕೂಡಿಸಿ ಓದಿದವರು ಅವಳಿಗೆ ಕೊಡದಿದ್ದ ಆತ್ಮಜ್ಞಾನದ ಮೊದಲ ಅಕ್ಷರ ಆ ಮಾತಿನಲ್ಲಿದೆಯೆಂದು ನಾನು ತಿಳಿದಿದ್ದೇನೆ.