ಕಟ್ಟೆಯ ಮಾತೂ ದುರ್ಗಸಿಂಹನ ಮಾತೂ

ಹರಟೆಯೆಂದರೆ ಕೆಲಸವಿಲ್ಲದವರ ಕೆಲಸವೆಂದು ಮೂಗು ಮುರಿಯುವ ವಿದ್ಯಾವಂತರು ನಮ್ಮಲ್ಲಿ ಬಹಳ. ಅಂಥವರು ಒಂದು ಸಂಜೆ ರೋಣದ ಕಡೆಯ ಯಾವುದಾದರೂ ಊರಿನ ಅಗಸಿಕಟ್ಟೆಗೋ, ನರಗುಂದದ ಒಂದು ಚಹಾದಂಗಡಿಗೋ, ಗಜೇಂದ್ರಗಡದ ನೇಕಾರರ ಓಣಿಗೋ ಹೋಗಿ ಅರ್ಧ ತಾಸು ಸುಮ್ಮನೆ ಕುಳಿತು ಕೇಳಬೇಕು. ಮಾತು ಮಳೆಯಿಂದ ಮೊದಲಾಗುತ್ತದೆ. ಮಳೆಯಿಂದ ಹೆಸರಿನ ಬೆಳೆಗೆ, ಹೆಸರಿನಿಂದ ಉಳ್ಳಾಗಡ್ಡಿಯ ದರಕ್ಕೆ, ದರದಿಂದ ಸರಕಾರಕ್ಕೆ, ಸರಕಾರದಿಂದ ಯಾರದೋ ಮಗಳ ಮದುವೆಗೆ ಹಾಯ್ದು, ಕೊನೆಗೆ ಬಸವಣ್ಣ ದೊಡ್ಡವನೋ ಅಲ್ಲಮ ದೊಡ್ಡವನೋ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಿಯೂ ಕೈಮರವಿಲ್ಲ. ಆದರೂ ಯಾರೊಬ್ಬರೂ ದಾರಿ ತಪ್ಪುವುದಿಲ್ಲ.

ಕಟ್ಟೆಯ ವಾದಕ್ಕೆ ಅದರದೇ ಆದ ಒಂದು ತರ್ಕವಿದೆ. ಅಲ್ಲಿ 'ಆದಕಾರಣ' ಎಂಬ ಶಬ್ದ ಕೇಳಿಬರುವುದು ಅಪರೂಪ. ಒಬ್ಬನು ಒಂದು ಗಾದೆ ಇಡುತ್ತಾನೆ. ಇನ್ನೊಬ್ಬನು ಅದಕ್ಕೆ ಎದುರಾಗಿ, "ನಮ್ಮ ಮುತ್ಯಾನ ಕಾಲಕ್ಕ ಏನಾಗಿತ್ತಪಾ ಅಂದ್ರ…" ಎಂದು ಒಂದು ಕಥೆ ತೆಗೆಯುತ್ತಾನೆ. ಕಥೆಯೇ ಅಲ್ಲಿ ಸಾಕ್ಷಿ, ಕಥೆಯೇ ತೀರ್ಪು. ಇದನ್ನು ಅಶಿಕ್ಷಿತರ ರೀತಿಯೆನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಕಥೆಗೆ ಕಥೆಯೊಡ್ಡಿ ವಾದಿಸುವ ಈ ಕಲೆಯನ್ನು ಕನ್ನಡದಲ್ಲಿ ಗ್ರಂಥಸ್ಥಗೊಳಿಸಿದ ಒಬ್ಬ ಕವಿ ಇದೇ ನೆಲದವನು.

ದುರ್ಗಸಿಂಹನು ತನ್ನ ಊರು ಕಿಸುಕಾಡು ನಾಡಿನ ಸಯ್ಯಡಿಯೆಂದು ಹೇಳಿಕೊಂಡಿದ್ದಾನೆ. ಈಗಿನ ರೋಣ ತಾಲೂಕಿನ ಸವಡಿಯೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಅವನು ಸಂಧಿವಿಗ್ರಹಿಯಾಗಿದ್ದನು. ಅವನ 'ಪಂಚತಂತ್ರ' 1031ರ ಕೃತಿ. ಎಲ್ಲರಿಗೂ ಪರಿಚಿತನಾದ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಹಿಡಿದದ್ದರಿಂದ ಸಂಶೋಧಕರಿಗೆ ಅದು ಬೆಲೆಯುಳ್ಳ ಗ್ರಂಥವಾಯಿತು. ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂದು ಅದಕ್ಕೆ ಐದು ಪ್ರಕರಣಗಳು. ಪರೀಕ್ಷೆಗೆ ಇಷ್ಟು ಸಾಕು. ನಮ್ಮ ವಿದ್ಯಾರ್ಥಿಗಳು ಇಷ್ಟನ್ನೇ ಬರೆದು ಪಾಸಾಗುತ್ತಾರೆ, ನಾವೂ ಇಷ್ಟನ್ನೇ ಹೇಳಿ ಗಂಟೆ ಹೊಡೆಯುವುದನ್ನು ಕಾಯುತ್ತೇವೆ. ಅದು ನೀತಿಬೋಧೆಯ ಪುಸ್ತಕವೆಂಬ ಒಂದು ಮಾತು ಮಾತ್ರ ಎಲ್ಲರ ತಲೆಯಲ್ಲಿ ನಿಂತಿರುತ್ತದೆ.

ನನ್ನ ತಲೆಯಲ್ಲಿಯೂ ಅದೇ ನಿಂತಿತ್ತು. ಅದನ್ನು ಅಲುಗಿಸಿದ್ದು ಒಂದು ಕಟ್ಟೆ. ಸವಡಿಯನ್ನು ನೋಡಿಕೊಂಡು ಮರಳುವಾಗ ಬಸ್ಸಿಗಾಗಿ ಬಹಳ ಹೊತ್ತು ಕಾಯಬೇಕಾಯಿತು. ಬಂದ ಕಾರಣವೇನೆಂದು ಅಲ್ಲಿದ್ದವರು ಕೇಳಿದಾಗ, ನಿಮ್ಮ ಊರಿನ ಕವಿ ಬರೆದ ಕಥೆಯೆಂದು ಭೇದಪ್ರಕರಣದ ಸಾರವನ್ನು ಹೇಳಿದೆ. ಎತ್ತಿನ ಗುಟುರಿಗೆ ಅಂಜಿದ ಸಿಂಹ. ಆ ಎತ್ತನ್ನೇ ಕರೆತಂದು ಗೆಳೆತನ ಮಾಡಿಸಿದ ದಮನಕನೆಂಬ ನರಿ. ಆ ಗೆಳೆತನದಿಂದ ತನ್ನ ಪ್ರಭಾವ ತಗ್ಗಿದಾಗ ಅದನ್ನು ಮುರಿಯಲು ಹೊರಟ ಅದೇ ದಮನಕ. ಕೊನೆಗೆ ಸಂಜೀವಕನ ಸಾವು. ಎಲ್ಲರೂ ಚೆನ್ನಾಗಿ ಕೇಳಿದರು. ಮುಗಿದ ಮೇಲೆ ಒಬ್ಬ ಮುದುಕರು ಎಲೆಯಡಿಕೆಯನ್ನು ದವಡೆಗೆ ಸರಿಸಿ, "ಅಲ್ರೀ ಮಾಸ್ತರ, ಆ ಸಿಂಹ ಎತ್ತಿನ ಎದುರಾಬದುರಾ ಕುಂದ್ರಿಸಿ ಒಂದ ಮಾತು ಕೇಳಬಾರದಿತ್ತೇನ್ರೀ?" ಎಂದರು.

ವರ್ಷಗಟ್ಟಲೆ ಪಾಠ ಹೇಳಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮನೆಗೆ ಬಂದು ಗ್ರಂಥವನ್ನು ಮತ್ತೆ ತೆಗೆದೆ. ನಿಜ, ಇಡೀ ಕಥೆ ಅಷ್ಟರಲ್ಲಿಯೇ ಇದೆ. ದಮನಕನು ಸಿಂಹಕ್ಕೆ ಬೇರೆ ಹೇಳುತ್ತಾನೆ, ಎತ್ತಿಗೆ ಬೇರೆ ಹೇಳುತ್ತಾನೆ. ಇಬ್ಬರಿಗೂ ತಕ್ಕ ದೃಷ್ಟಾಂತ ಅವನಲ್ಲಿ ಸಿದ್ಧವಾಗಿದೆ. ಎದುರುಗಥೆ ಹೇಳಬಲ್ಲವನು ಪಕ್ಕದಲ್ಲಿಲ್ಲದ ಕಾರಣ ಆ ಕಥೆಗಳು ಸಾಕ್ಷಿಯಾಗಿ ನಿಲ್ಲುತ್ತವೆ. ಕಟ್ಟೆಯ ಮೇಲೆ ಅದೇ ಕಥೆ ಹೇಳಿದ್ದರೆ, "ಏ, ಬಿಡೋ ಮಾರಾಯಾ, ಅದು ಹಂಗಲ್ಲ" ಎಂದು ಯಾರಾದರೂ ನಡುವೆ ಬಾಯಿ ಹಾಕುತ್ತಿದ್ದರು. ಎರಡು ಪ್ರಾಣಿಗಳು ಕೊನೆಗೆ ಎದುರುಬದುರಾಗುವುದು ಮಾತಿಗಾಗಿ ಅಲ್ಲ, ಕಾದಾಟಕ್ಕಾಗಿ. ಆಗ ಒಂದರ ನಿಲುವಿನಲ್ಲಿ ಇನ್ನೊಂದಕ್ಕೆ ಕಾಣುವುದು ದಮನಕನು ಮೊದಲೇ ಹೇಳಿಟ್ಟ ಲಕ್ಷಣಗಳೇ.

ದುರ್ಗಸಿಂಹನ ಉದ್ಯೋಗವನ್ನು ಇಲ್ಲಿ ನೆನೆಯಬೇಕು. ಸಂಧಿ-ವಿಗ್ರಹಗಳ ಅಧಿಕಾರಿಯೆಂದರೆ ಒಂದು ಅರಸುಮನೆಯ ಮಾತನ್ನು ಇನ್ನೊಂದು ಅರಸುಮನೆಗೆ ಸಾಗಿಸುವವನು. ಒಯ್ಯುವ ದಾರಿಯಲ್ಲಿ ಮಾತಿನ ಬಣ್ಣ ಹೇಗೆ ತಿರುಗುತ್ತದೆಂಬುದು ಅವನಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ಆದುದರಿಂದ ಭೇದಪ್ರಕರಣವನ್ನು 'ಕೆಟ್ಟವರ ಸಹವಾಸ ಮಾಡಬೇಡ' ಎಂಬ ಮಕ್ಕಳ ನೀತಿಗೆ ಇಳಿಸುವುದು ಅವನಿಗೆ ಮಾಡುವ ಅನ್ಯಾಯವೇ ಸರಿ. ಮಾತು ಯಾರೆದುರಿಗೆ ನಡೆಯಿತು ಎಂಬುದರ ಮೇಲೆ ಅದರ ಸತ್ಯ ನಿಂತಿರುತ್ತದೆಂಬುದು ಆ ಪ್ರಕರಣದ ಹುರುಳು. ಒಂದು ಕೊರತೆಯನ್ನೂ ಹೇಳಬೇಕು: ಅವನ ಪ್ರಾಣಿಗಳೆಲ್ಲ ಆಸ್ಥಾನದ ಭಾಷೆಯನ್ನೇ ಆಡುತ್ತವೆ. ಸಂಸ್ಕೃತ ಸಮಾಸಗಳ ಭಾರದಲ್ಲಿ ಎತ್ತು ಯಾವುದು, ನರಿ ಯಾವುದೆಂದು ಧ್ವನಿಯಿಂದ ತಿಳಿಯುವುದು ಕಷ್ಟ. ಕಿಸುಕಾಡಿನ ಎರಿಮಣ್ಣಿನ ವಾಸನೆ ಆ ಚಂಪುವಿನಲ್ಲಿ ನನಗಂತೂ ಹತ್ತಲಿಲ್ಲ.

ಎದುರುಬದುರಿನ ವಾದ ಹೇಗಿರುತ್ತದೆಂದು ನೋಡಬಯಸುವ ವಾಚಕರು ಹದಿನೈದನೆಯ ಶತಮಾನದ 'ಶೂನ್ಯಸಂಪಾದನೆ'ಗೆ ಬರಬೇಕು. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿರುವ ಸಿದ್ಧರಾಮನನ್ನು ಅಲ್ಲಮನು ಒಡ್ಡನೆಂದು ಕರೆದು ಕೆಣಕುತ್ತಾನೆ. ಅದೂ ಕೆಲಸ ಮಾಡುತ್ತಿರುವ ಒಡ್ಡರ ಎದುರಿಗೇ. ಅವರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ದಮನಕನ ಮೃದು ಮಾತಿಗಿಂತ ಅಲ್ಲಮನ ಮಾತು ಎಷ್ಟು ಒರಟು! ಆದರೆ ಅಲ್ಲಿ ಸೋತವನು ಸಾಯುವುದಿಲ್ಲ. ಗೆದ್ದವನೊಡನೆ ಕಲ್ಯಾಣಕ್ಕೆ ಹೊರಡುತ್ತಾನೆ.

ಹಾಗೆಂದು ಕಟ್ಟೆಯನ್ನು ಅನುಭವಮಂಟಪವೆಂದು ಹೊಗಳಲಾರೆ. ಅಲ್ಲಿ ಗಟ್ಟಿ ಗಂಟಲಿಗೆ ಗೆಲುವು ಹೆಚ್ಚು. ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಳವಿಲ್ಲ. ಅವರ ವಾದಗಳೆಲ್ಲ ಕಳೆ ತೆಗೆಯುವ ಸಾಲಿನಲ್ಲಿ, ನೀರಿನ ನಳದ ಮುಂದೆ. ಯಾವ ಜಾತಿಯವರು ಕಟ್ಟೆಯ ಮೇಲೆ, ಯಾವ ಜಾತಿಯವರು ಕೆಳಗೆ ಎಂಬ ಲೆಕ್ಕ ಇನ್ನೂ ಎಲ್ಲ ಊರುಗಳಲ್ಲಿ ಅಳಿದಿಲ್ಲ. ಎದುರುಬದುರು ಎಂಬುದೂ ಎಲ್ಲರಿಗೂ ಸಮನಾಗಿ ಸಿಕ್ಕುವ ಭಾಗ್ಯವಲ್ಲ.

ಆದರೆ ನರಗುಂದದ ಮಾತು ಬೇರೆ ತೂಕದ್ದು. ಮಲಪ್ರಭಾ ಅಚ್ಚುಕಟ್ಟಿನ ಕರಗಳ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗೋಳೀಬಾರಾದ ಊರು ಅದು. 2015ರ ಜುಲೈಯಲ್ಲಿ ಮಹದಾಯಿಯ ನೀರಿಗಾಗಿ ಅಲ್ಲಿ ಧರಣಿ ಹೂಡಿದರು. ಅದು ವರ್ಷಗಟ್ಟಲೆ ನಡೆಯಿತು. ವರ್ಷಗಟ್ಟಲೆ ಒಂದೇ ಚಪ್ಪರದಡಿ ಕುಳಿತ ಮೇಲೆ ಬರಿ ಘೋಷಣೆಯಿಂದ ಹೊತ್ತು ಹೋಗುವುದಿಲ್ಲ. ಚಪ್ಪರ ತಾನಾಗಿ ಕಟ್ಟೆಯಾಗುತ್ತದೆ. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಆ ವಾದವೆಲ್ಲ ವಕೀಲರ ಬಾಯಿಂದ ನಡೆದದ್ದು. ಗೋವೆಯ ಬೇಸಾಯಗಾರನೂ ನರಗುಂದದ ಬೇಸಾಯಗಾರನೂ ಒಬ್ಬರನ್ನೊಬ್ಬರು ಬಲ್ಲದ್ದು ಮುಂದಾಳುಗಳ ಭಾಷಣಗಳಿಂದ; ಗುಟುರು ಮಾತ್ರ ಕೇಳಿ ಎತ್ತನ್ನು ಕಾಣದ ಸಿಂಹದ ಹಾಗೆ. ಸವಡಿಯ ಮುದುಕರ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ.

ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು. ಕರಟಕನೆಂಬ ಇನ್ನೊಂದು ನರಿಯ ವಿಷಯ ನಾನು ಕಥೆಯಲ್ಲಿ ಹೇಳಿದ್ದೆನಷ್ಟೆ. ದಮನಕನ ಬಗೆಯನ್ನೆಲ್ಲ ಬಲ್ಲವನು ಅವನು. ದಮನಕನಿಗೆ ಬುದ್ಧಿ ಹೇಳುತ್ತಾನೆ, ಬೈಯುತ್ತಾನೆ, ಆದರೆ ಸಿಂಹದ ಬಳಿಗೆ ಹೋಗಿ ಬಾಯಿ ಬಿಡುವುದಿಲ್ಲ. ವಿಮರ್ಶಕರು ಅವನನ್ನು ವಿವೇಕಿಯೆಂದು ಕೊಂಡಾಡುತ್ತಾರೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಅಷ್ಟರಲ್ಲಿ ರೋಣದ ಬಸ್ಸು ಬಂತು. ನಾನು ಏಳುತ್ತಿದ್ದಂತೆ ಮುದುಕರು ಕೈಯಾಡಿಸಿ ಕೇಳಿದರು:

"ಎಲ್ಲಾ ಗೊತ್ತಿದ್ದ ಆ ಶಾಣ್ಯಾ ನರಿ ಯಾಕ ಸುಮ್ನ ಕುಂತಿತ್ರೀ, ಮಾಸ್ತರ?"